ಸಿಯೆಮ್ ರೀಪಿನಲ್ಲಿ ನೆನಪಾದ ತಾಳಗುಂದ

ಹೋದ ತಿಂಗಳು ಕಾಂಬೋಡಿಯಾದ ಸಿಯೆಮ್ ರೀಪಿಗೆ ಹೋಗಿದ್ದೆ. ಅಂಕೋರ್ ವಾಟ್ ನೋಡಲು ಬರುವವರೆಲ್ಲ ಉಳಿದುಕೊಳ್ಳುವ ಊರು. ಸಂಜೆಯಾದರೆ ಅಲ್ಲಿನ ಪಬ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿಲ್ಲ. ಕಿವಿಗಡಚಿಕ್ಕುವ ಹಾಡು, ಹುರಿದ ಚೇಳು ಮಾರುವ ಗಾಡಿ, ಮೀನಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕಿಲಕಿಲ ನಗುವ ಪ್ರವಾಸಿಗರು... ಸೊರಬದ ಸಸ್ಯಾಹಾರಿಯಾದ ನನಗೆ ನಿದ್ದೆಯೂ ಇಲ್ಲ, ಊಟವೂ ಅಷ್ಟಕ್ಕಷ್ಟೆ :)

ಆದರೆ ಬೆಳಗ್ಗೆ ಟುಕ್‌ಟುಕ್ ಓಡಿಸಿದ ಹುಡುಗ ದಾರಿಯುದ್ದಕ್ಕೂ ಸೂರ್ಯವರ್ಮ, ಜಯವರ್ಮ ಎಂದು ತನ್ನ ಅಜ್ಜಂದಿರ ಸುದ್ದಿ ಹೇಳುವಂತೆ ಹೇಳುತ್ತಿದ್ದ. ನನಗೆ ನೆನಪಾದದ್ದು ನಮ್ಮ ಕಾಕುಸ್ಥವರ್ಮ, ಶಾಂತಿವರ್ಮ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ 5ನೇ ಶತಮಾನದಲ್ಲೇ ಕದಂಬರ ಕತೆ ಕೆತ್ತಿದ್ದಾರೆ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಕೊನೆಗೆ ಕತ್ತಿ ಹಿಡಿದದ್ದು, ಎಲ್ಲ ಇದೆ. ಖ್ಮೇರ್ ಲಿಪಿಯ ಬೇರು ಇರುವುದೂ ಅದೇ ಪಲ್ಲವರ ಲಿಪಿಯಲ್ಲಿ! ಅಂಕೋರಿನಲ್ಲಿ ಒಂದು ದಿನಕ್ಕೆ 37 ಡಾಲರ್ ಕೊಟ್ಟು ಒಳಗೆ ಹೋದ ನಾನು, ಶಿರಾಳಕೊಪ್ಪದಲ್ಲಿ ನೂರು ಸಲ ಬಸ್ ಬದಲಿಸಿದ್ದರೂ ತಾಳಗುಂದ ನೋಡಿದ್ದು ಒಂದೇ ಸಲ. ನಾಚಿಕೆಯಾಯಿತು.

ಬಳ್ಳಿಗಾವೆ ಪಬ್ ಸ್ಟ್ರೀಟ್ ಆಗಲಿ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. ಜನ ಬಂದರೆ ಊರು ಹಾಳಾಗುತ್ತೆ ಅಂತಾನೆ ಬೆಂಗಳೂರಿನ ಗೆಳೆಯ. ಅವನ ಮಾತು ಪೂರ್ತಿ ಸುಳ್ಳಲ್ಲ, ಆ ಗದ್ದಲ ನಾನೇ ಕೇಳಿ ಬಂದಿದ್ದೇನೆ. ಆದರೆ ಅವನಿಗೆ ಶಾಂತವಾದ ಹಳ್ಳಿ ಬೇಕಿರುವುದು ವರ್ಷಕ್ಕೊಮ್ಮೆ ಫೋಟೋ ತೆಗೆಯಲು. ನನ್ನ ದೊಡ್ಡಪ್ಪನ ಮಗ ಅದೇ ಶಾಂತವಾದ ಹಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಹೋಗಿ, ಈಗ ಬೆಂಗಳೂರಿನಲ್ಲಿ ಮನೆಮನೆಗೆ ಊಟದ ಪಾರ್ಸಲ್ ಮುಟ್ಟಿಸುತ್ತಿದ್ದಾನೆ. "ಊರಲ್ಲಿ ಇದ್ಕಂಡು ಏನ್ ಮಾಡ್ಲಿ ಅಣ್ಣಾ?" ಅಂತ ಕೇಳಿದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಟುಕ್‌ಟುಕ್ ಹುಡುಗ ರಾತ್ರಿ ತನ್ನ ಮನೆಯಲ್ಲೇ ಮಲಗುತ್ತಾನೆ.

ಬೇಕಿರುವುದು ದೊಡ್ಡದೇನಲ್ಲ. ಬಳ್ಳಿಗಾವೆಯ ಗಂಡಭೇರುಂಡದ ಕಂಬ, ತಾಳಗುಂದ, ಸೊರಬ ತಾಲ್ಲೂಕಿನ ಕುಬಟೂರು ಸುತ್ತಿಸಲು ನಾಲ್ಕು ಆಟೋ, ಕತೆ ಬಲ್ಲ ಊರ ಹುಡುಗರು, ಗುಡಿಗಾರರ ಕೆತ್ತನೆಗೆ ಅಲ್ಲೇ ಒಂದು ಅಂಗಡಿ, ಬಾಳೆ ಎಲೆಯ ಮೇಲೆ ಮನೆಯೂಟ. ಚೇಳು ಬೇಡ.

ಹಬ್ಬಕ್ಕೆ ತಮ್ಮ ಊರಿಗೆ ಬರುತ್ತಾನೆ. ಅವನನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಬ್ಲಾಗಿಗರಲ್ಲಿ ಯಾರಾದರೂ ಬರುತ್ತೀರಾ? ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಗೋಣ.