ಕಣ್ಣಿಲ್ಲದ ಬಂಡಿಗೆ ಬಾನುಲಿಯ ಊರುಗೋಲು

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಬಾಲಕನೊಬ್ಬ ಮನೆಯ ಪಡಸಾಲೆಯಲ್ಲಿ ಜೊತೆಗಾರರನ್ನು ಹುಡುಕುತ್ತಿದ್ದಾನೆ. ಅವನು ಒಮ್ಮೆ ಕೂಗಿದರೆ ಬಾಗಿಲ ಬಳಿಯಿಂದ ಒಬ್ಬನೂ, ಕಿಟಕಿಯ ಬಳಿಯಿಂದ ಮತ್ತೊಬ್ಬಳೂ, ಕಂಬದ ಮರೆಯಿಂದ ಇನ್ನೊಬ್ಬನೂ ಓಗೊಡುತ್ತಾರೆ. ಆ ದನಿಗಳ ದೂರವನ್ನು ಅಂದಾಜು ಮಾಡಿ, ತಾನು ಪಡಸಾಲೆಯ ಯಾವ ಭಾಗದಲ್ಲಿರುವೆನೆಂಬುದನ್ನು ಅವನು ಊಹಿಸಿಕೊಳ್ಳುತ್ತಾನೆ. ಮಕ್ಕಳ ಈ ಆಟವನ್ನೇ ಕಾರ್ಖಾನೆಗಳಲ್ಲಿಯೂ ಉಗ್ರಾಣಗಳಲ್ಲಿಯೂ ಚಾಲಕನಿಲ್ಲದ ಬಂಡಿಗಳು ಆಡುತ್ತಿವೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು.

ಇಂತಹ ಬಂಡಿಗಳು ಹೊಸವೇನಲ್ಲ. 1950ರ ದಶಕದ ಮೊದಲ ಭಾಗದಲ್ಲಿಯೇ ಅಮೆರಿಕದ ಬ್ಯಾರೆಟ್ ಎಲೆಕ್ಟ್ರಾನಿಕ್ಸ್ ಸಂಸ್ಥೆ, ತಲೆಯ ಮೇಲೆ ಕಟ್ಟಿದ ತಂತಿಯನ್ನು ಅನುಸರಿಸಿ ತಾನಾಗಿ ಸಾಗುವ ಬಂಡಿಯನ್ನು ನಿರ್ಮಿಸಿತ್ತು. ಅನಂತರ ತಂತಿ ನೆಲದೊಳಕ್ಕೆ ಇಳಿಯಿತು. ಸ್ವೀಡನ್ನಿನ ಕಾಲ್ಮಾರ್ ನಗರದಲ್ಲಿ 1974ರಲ್ಲಿ ಆರಂಭವಾದ ವೋಲ್ವೊ ಕಾರ್ಖಾನೆಯಲ್ಲಿ ಮೋಟಾರುಗಳ ಒಡಲನ್ನು ಹೊತ್ತು ತಿರುಗಿದುವು ಇಂತಹ ಬಂಡಿಗಳೇ. ಆದರೆ ತಂತಿ ಬಂಡಿಗೆ ದಾರಿಯೂ ಹೌದು, ಸಂಕೋಲೆಯೂ ಹೌದು. ದಾರಿ ಬದಲಿಸಬೇಕಾದರೆ ನೆಲವನ್ನೇ ಅಗೆಯಬೇಕು.

ಬಯಲಿನಲ್ಲಿ ಓಡುವ ವಾಹನಕ್ಕೆ ದಾರಿ ತೋರುವ ಜಿ.ಪಿ.ಎಸ್. ಉಪಗ್ರಹಗಳು ಇಲ್ಲಿ ನೆರವಾಗಲಾರವೆ ಎಂದು ಯಾರಾದರೂ ಕೇಳಬಹುದು. ಅವು ಇರುವುದು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ. ಅಲ್ಲಿಂದ ಇಳಿದುಬರುವ ಸಂಕೇತ ನೆಲ ಮುಟ್ಟುವಷ್ಟರಲ್ಲಿ ಅತಿ ಕ್ಷೀಣವಾಗಿರುತ್ತದೆ. ತಗಡಿನ ಛಾವಣಿಯನ್ನು ಭೇದಿಸುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಛಾವಣಿಯ ಕೆಳಗೇ ಕೆಲವು ಪುಟ್ಟ ಬಾನುಲಿ ಕೇಂದ್ರಗಳನ್ನು ಸ್ಥಾಪಿಸಬೇಕಾಯಿತು.

ದನಿಯ ಜೋರಿನಿಂದ ದೂರವನ್ನು ಊಹಿಸುವುದು ಒಂದು ವಿಧಾನ. 2000ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರಾದ ಪರಮ್‌ವೀರ್ ಬಾಲ್ ಮತ್ತು ವೆಂಕಟ ಪದ್ಮನಾಭನ್ ಈ ದಾರಿ ಹಿಡಿದು, ಕಟ್ಟಡದೊಳಗಿನ ವ್ಯಕ್ತಿಯ ನೆಲೆಯನ್ನು ಸಾಮಾನ್ಯವಾಗಿ ಎರಡು ಮೂರು ಮೀಟರುಗಳೊಳಗೆ ಗುರುತಿಸಬಹುದೆಂದು ತೋರಿಸಿದರು. ಮನುಷ್ಯ ಯಾವ ಕೋಣೆಯಲ್ಲಿರುವನೆಂದು ತಿಳಿಯಲು ಅಷ್ಟು ಸಾಕು. ಕಪಾಟುಗಳ ನಡುವಣ ಓಣಿಯಲ್ಲಿ ಸಾಗಬೇಕಾದ ಬಂಡಿಗೆ ಎರಡು ಮೀಟರಿನ ತಪ್ಪೆಂದರೆ ಅಪಘಾತವೇ ಸರಿ.

ದನಿಯ ಜೋರಿಗಿಂತ ಅದು ಬರಲು ಹಿಡಿದ ಕಾಲ ಹೆಚ್ಚು ನಂಬತಕ್ಕದ್ದು. ಬಾನುಲಿಯ ಅಲೆ ಬೆಳಕಿನ ವೇಗದಲ್ಲಿ ಸಂಚರಿಸುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಸುಮಾರು 30 ಸೆಂಟಿಮೀಟರು, ಎಂದರೆ ಒಂದಡಿ, ಸಾಗುತ್ತದೆ. ಬಂಡಿ ಸಂಕೇತವನ್ನು ಕಳುಹಿಸುತ್ತದೆ. ಕೇಂದ್ರ ಗೊತ್ತಾದ ವಿರಾಮದ ಬಳಿಕ ಓಗೊಡುತ್ತದೆ. ಒಟ್ಟು ಕಾಲದಿಂದ ಆ ವಿರಾಮವನ್ನು ಕಳೆದು, ಉಳಿದುದರ ಅರ್ಧವನ್ನು ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ಒಂದು ಕೇಂದ್ರದ ದೂರ ತಿಳಿದರೆ ಬಂಡಿ ಅದರ ಸುತ್ತಲಿನ ಒಂದು ವೃತ್ತದ ಮೇಲೆಲ್ಲೋ ಇದೆಯೆಂದಾಯಿತು. ಎರಡು ವೃತ್ತಗಳು ಎರಡು ಕಡೆ ಸಂಧಿಸುತ್ತವೆ. ಅವುಗಳಲ್ಲಿ ಯಾವುದು ನಿಜವೆಂಬುದನ್ನು ಮೂರನೆಯ ಕೇಂದ್ರ ನಿರ್ಣಯಿಸುತ್ತದೆ.

ಆಟದ ಬಾಲಕನನ್ನು ದಾರಿ ತಪ್ಪಿಸುವುದು ಮಾರ್ದನಿ. ಉಗ್ರಾಣದಲ್ಲಿ ಆ ಕೆಲಸವನ್ನು ಉಕ್ಕಿನ ಕಪಾಟುಗಳು ಮಾಡುತ್ತವೆ. ಅವುಗಳಿಗೆ ಬಡಿದು ಬರುವ ಅಲೆ ನೇರವಾಗಿ ಬಂದ ಅಲೆಯೊಡನೆ ಬೆರೆತುಹೋಗುತ್ತದೆ. ಇದಕ್ಕಾಗಿಯೇ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಬಾನುಲಿ ಬಳಕೆಗೆ ಬಂದಿತು. ಅಮೆರಿಕ ಸರ್ಕಾರ ಅದಕ್ಕೆ 2002ರಲ್ಲಿ ಅನುಮತಿ ನೀಡಿತು. ಅದರ ಮಿಡಿತಗಳು ಅತ್ಯಂತ ಚಿಕ್ಕವಾದುದರಿಂದ, ಒಂದು ಮೀಟರು ಬಳಸಿ ಬಂದ ಮಾರ್ದನಿಯೂ ಬೇರೆಯಾಗಿಯೇ ಕೇಳಿಸುತ್ತದೆ. ಅನುಕೂಲ ಸನ್ನಿವೇಶದಲ್ಲಿ ತಪ್ಪು ಹತ್ತಿಪ್ಪತ್ತು ಸೆಂಟಿಮೀಟರಿಗೆ ಇಳಿಯುತ್ತದೆ.

ಆದರೆ ಸರಕು ತುಂಬಿದ ಕಪಾಟು ನೇರ ದಾರಿಗೇ ಅಡ್ಡ ನಿಂತರೆ ಗತಿಯೇನು? ಆಗ ಬಂಡಿಗೆ ಕೇಳುವುದು ಮಾರ್ದನಿಯೊಂದೇ. ಕೇಂದ್ರ ಇದ್ದುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ. ಬೆಳಿಗ್ಗೆ ಖಾಲಿಯಿದ್ದ ಕಪಾಟು ತುಂಬಿದೊಡನೆ, ಬೆಳಿಗ್ಗೆ ಸರಿಯಾಗಿದ್ದ ಅಳತೆ ಸಂಜೆಗೆ ಸುಳ್ಳಾಗಬಹುದು. ಓಣಿಯ ತಿರುವಿನಲ್ಲಿ ಗುಮಾಸ್ತನೊಬ್ಬ ಪಟ್ಟಿ ಹಿಡಿದು ಸರಕನ್ನು ಎಣಿಸುತ್ತಿರುತ್ತಾನೆ. ಟನ್ನುಗಟ್ಟಲೆ ಭಾರ ಹೊತ್ತ ಬಂಡಿ ತನ್ನ ನೆಲೆಯನ್ನು ತಪ್ಪಾಗಿ ತಿಳಿದು, ಆ ತಪ್ಪನ್ನೇ ದೃಢವಾಗಿ ನಂಬಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರ ದೊರೆತುದು ಗಣಿತದಿಂದ. ಹಂಗರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ವಿಧಾನ, ಚಂದ್ರಲೋಕಕ್ಕೆ ಹೊರಟ ಅಪೊಲೊ ನೌಕೆಗಳಿಗೂ ನೆರವಾಗಿತ್ತು. ಅದರ ತಿರುಳು ಸರಳ. ಬಂಡಿ ತನ್ನ ಚಕ್ರಗಳ ಉರುಳನ್ನು ಎಣಿಸಿ ನೆಲೆಯನ್ನು ಊಹಿಸುತ್ತದೆ. ಬಾನುಲಿಯ ಮಾತನ್ನು ಆ ಊಹೆಯೊಡನೆ ತೂಗಿ ನೋಡುತ್ತದೆ. ಎರಡಕ್ಕೂ ಅವುಗಳ ಯೋಗ್ಯತೆಗೆ ತಕ್ಕಷ್ಟೇ ಬೆಲೆ. ಕ್ಷಣದ ಹಿಂದೆ ಐದು ಮೀಟರು ದೂರವಿದ್ದ ಕೇಂದ್ರ ಇದ್ದಕ್ಕಿದ್ದಂತೆ ಎಂಟು ಮೀಟರಿಗೆ ಸರಿದಂತೆ ತೋರಿದರೆ, ಜಾಣ ಬಂಡಿ ಆ ಸುದ್ದಿಯನ್ನು ತಳ್ಳಿಹಾಕುತ್ತದೆ. ಇಷ್ಟೇ ಅಲ್ಲ, ತನ್ನ ಉತ್ತರದಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನೂ ಲೆಕ್ಕ ಹಾಕುತ್ತದೆ. ಆ ಸಂದೇಹ ಬೆಳೆದಂತೆ ವೇಗವನ್ನು ತಗ್ಗಿಸಿ, ಮಿತಿ ಮೀರಿದರೆ ನಿಂತುಬಿಡುವಂತೆ ಅದಕ್ಕೆ ಕಲಿಸಬಹುದು.

ಇಷ್ಟಾದರೂ ಮನುಷ್ಯನ ಪ್ರಾಣವನ್ನು ಈ ಲೆಕ್ಕವೊಂದಕ್ಕೇ ಒಪ್ಪಿಸುವುದು ತರವಲ್ಲ. ಅದಕ್ಕೆಂದೇ ಬಂಡಿಯ ಮುಂಭಾಗದಲ್ಲಿ ಲೇಸರಿನ ಕಾವಲನ್ನು ಪ್ರತ್ಯೇಕವಾಗಿ ಇರಿಸುತ್ತಾರೆ; ಎದುರು ಯಾರಾದರೂ ಸುಳಿದರೆ, ನೆಲೆಯ ಲೆಕ್ಕ ಏನೇ ಹೇಳಲಿ, ಬಂಡಿ ನಿಲ್ಲುತ್ತದೆ.

ತಾನೆಲ್ಲಿರುವೆನೆಂದು ತಿಳಿಯುವುದು ಯಂತ್ರಕ್ಕೆ ದೊರೆತ ವಿದ್ಯೆ. ಆ ತಿಳಿವಳಿಕೆ ಎಷ್ಟು ನಂಬತಕ್ಕದ್ದೆಂದು ತಿಳಿಯುವುದು ಮನುಷ್ಯ ಅದಕ್ಕೆ ಕಲಿಸಿದ ವಿವೇಕ. ಸಂದೇಹ ಬಂದಾಗ ನಿಲ್ಲುವ ಈ ವಿವೇಕ ಚಾಲಕರಿರುವ ವಾಹನಗಳಿಗೂ ಬಂದರೆ, ನಗರದ ಬೀದಿಗಳಲ್ಲಿ ನಡೆಯುವವರ ಆಯುಸ್ಸು ಹೆಚ್ಚೀತು!