ಮದ್ಯವ್ಯಸನ, ಮನೋವ್ಯಾಧಿ ಮತ್ತು ‘ಊರಿಗೆ ಕಳುಹಿಸುವ’ ಪದ್ಧತಿ

ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ಕುರಿತು ವೈದ್ಯರು ಬರೆಯುವ ಲೇಖನಗಳನ್ನು ನಾವೆಲ್ಲರೂ ಆಸಕ್ತಿಯಿಂದ ಓದುತ್ತೇವೆ. ಈ ರೋಗಗಳು ತಮಗಿವೆಯೆಂದು ಹೇಳಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಮದುವೆಯ ಪಂಕ್ತಿಯಲ್ಲಿ “ನನಗೆ ಸಕ್ಕರೆ ಕಾಯಿಲೆ, ಹೋಳಿಗೆ ಬೇಡ” ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದರಲ್ಲಿ ಒಂದು ಬಗೆಯ ದೊಡ್ಡಸ್ತಿಕೆಯೂ ಇದೆ. ಮದ್ಯವ್ಯಸನ ಮತ್ತು ಮನೋವ್ಯಾಧಿಗಳ ವಿಷಯದಲ್ಲಿ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಸಂಘದ ಕಾರ್ಯಕ್ರಮಗಳಿಗೆ ತಪ್ಪದೆ ಬರುತ್ತಿದ್ದವರೊಬ್ಬರು ಮೂರು ನಾಲ್ಕು ತಿಂಗಳು ಕಾಣಿಸದಿದ್ದಾಗ ವಿಚಾರಿಸಿದರೆ, ಮನೆಯವರಿಂದ ಬರುವ ಉತ್ತರ ಒಂದೇ: “ಊರಿಗೆ ಹೋಗಿದ್ದಾರೆ.” ಹೈದರಾಬಾದಿನ ಕನ್ನಡಿಗರಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಉಂಟು, ಕೇಳಿದವರೂ ಅದನ್ನು ಬಲ್ಲರು. ರೋಗಿಯನ್ನು ಊರಿಗೆ ಕಳುಹಿಸುವ ಈ ಪದ್ಧತಿಯನ್ನು ಬಿಟ್ಟು, ನಾವು ಬದುಕುತ್ತಿರುವ ಈ ನಗರದಲ್ಲಿಯೇ ನೆರವನ್ನು ಹುಡುಕಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ, ಬ್ಯಾಂಕಿನ ಅಧಿಕಾರಿ. ಆದರೆ ಕುಡಿತವು ವೈದ್ಯನ ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮುಂಚೆ ಬ್ಯಾಂಕಿನ ಕಣ್ಣಿಗೆ ಬೀಳುತ್ತದೆ. ಸಂಬಳ ಜಮೆಯಾದ ಮೂರನೆಯ ದಿನಕ್ಕೆ ಖಾತೆ ಬರಿದಾಗಿರುತ್ತದೆ. ಹಬ್ಬದ ಮುಂಗಡ, ಸಹಕಾರ ಸಂಘದ ಸಾಲ, ಭವಿಷ್ಯನಿಧಿಯ ಸಾಲ, ಕೊನೆಗೆ ಹೆಂಡತಿಯ ಬಳೆಗಳ ಮೇಲೆ ಒಡವೆ ಸಾಲ; ಇದರ ಜೊತೆಗೆ ಸೋಮವಾರಗಳ ರಜೆಯ ಅರ್ಜಿ. ವರ್ಗವಾಗಿ ಬಂದು, ಮಕ್ಕಳ ಶಾಲೆಯ ಸಲುವಾಗಿ ಸಂಸಾರವನ್ನು ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಬಿಟ್ಟು, ಇಲ್ಲಿ ಒಂಟಿ ಕೋಣೆಯಲ್ಲಿ ವರ್ಷಗಳನ್ನು ಕಳೆಯುವ ನೌಕರರಲ್ಲಿ ಇದನ್ನು ಹೆಚ್ಚಾಗಿ ಕಂಡಿದ್ದೇನೆ. ವಿಷಯ ಬಯಲಾದ ದಿನ ಊರಿನಿಂದ ಅಣ್ಣನೋ ಭಾವನೋ ಬಂದು, ಅಂದಿನ ರಾತ್ರಿಯ ಬಸ್ಸಿನಲ್ಲಿಯೇ ಕರೆದುಕೊಂಡು ಹೋಗುತ್ತಾರೆ.

ಆ ಪ್ರಯಾಣವೇ ಅಪಾಯಕರವೆಂಬುದು ಬಹಳ ಮಂದಿಗೆ ತಿಳಿಯದು. ವರ್ಷಗಟ್ಟಲೆ ಪ್ರತಿದಿನ ಕುಡಿದ ದೇಹ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದಾಗ ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿಭ್ರಮಣೆಯಾಗಿ ಗೋಡೆಯ ಮೇಲೆ ಹುಳುಗಳು ಹರಿದಂತೆ, ಯಾರೋ ಕೂಗಿದಂತೆ ತೋರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಮುಳುವು. ಆಸ್ಪತ್ರೆಯಲ್ಲಿ ತಕ್ಕ ಔಷಧಿಯನ್ನೂ ‘ಬಿ-1’ ಜೀವಸತ್ವವನ್ನೂ ಕೊಟ್ಟು ಕೆಲವೇ ದಿನಗಳಲ್ಲಿ ಇದನ್ನು ಹತೋಟಿಗೆ ತರುತ್ತಾರೆ. ಆದರೆ ನಮ್ಮ ರೋಗಿ ಆ ಹೊತ್ತಿಗೆ ಊರಿನ ನಡುಮನೆಯಲ್ಲಿರುತ್ತಾನೆ. “ಗಾಳಿ ಸೋಕಿದೆ” ಎಂದು ಹಿರಿಯರು ತೀರ್ಮಾನಿಸಿ ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ದತ್ತಾತ್ರೇಯನ ಸನ್ನಿಧಿಯಲ್ಲಿ ನನಗೂ ಭಕ್ತಿಯುಂಟು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅಲ್ಲಿಗೆ ಹೋಗಬಾರದೆಂದು ಯಾವ ವೈದ್ಯರೂ ಹೇಳಲಾರರು.

ತಿಳಿದವರು ಬೆಂಗಳೂರಿನ ನಿಮ್ಹಾನ್ಸಿಗೆ ಕರೆದೊಯ್ಯುತ್ತಾರೆ. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ರೂಪುಗೊಂಡ ಆ ಸಂಸ್ಥೆಯ ಹಿರಿಮೆಯನ್ನು ನಾನು ಹೇಳಬೇಕಾಗಿಲ್ಲ. ವೈದ್ಯರೊಡನೆ ಕನ್ನಡದಲ್ಲಿ ಮಾತನಾಡಬಹುದೆಂಬ ಸಮಾಧಾನವೂ ಇದೆ. ಆದರೂ ಮದ್ಯವ್ಯಸನವು ಮೂರು ವಾರಗಳಲ್ಲಿ ಮುಗಿಯುವ ಕಾಯಿಲೆಯಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ವೈದ್ಯರನ್ನೂ ಆಪ್ತಸಮಾಲೋಚಕರನ್ನೂ ಕಾಣುತ್ತಿರಬೇಕು. ಐನೂರೈವತ್ತು ಕಿಲೋಮೀಟರು ದೂರದಿಂದ ಇದು ಎಷ್ಟು ಸಲ ಸಾಧ್ಯ? ಆತನ ಒಂಟಿ ಕೋಣೆ, ಸಂಬಳದ ದಿನ, ಗೆಳೆಯರು, ದಾರಿಯ ಮಗ್ಗುಲಿನ ಅಂಗಡಿ ಎಲ್ಲವೂ ಇರುವುದು ಇಲ್ಲಿ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರಗಳನ್ನು ಕುಡುಕರ ಊರುಗಳಲ್ಲಿಯೇ ನಡೆಸಿ, ಅನಂತರವೂ ನವಜೀವನ ಸಮಿತಿಗಳ ಮೂಲಕ ಅವರನ್ನು ಒಟ್ಟಿಗೆ ಸೇರಿಸುತ್ತಿರುವುದರ ಹಿಂದೆ ಇದೇ ವಿವೇಕವಿದೆ.

ಹಾಗಾದರೆ ಹೈದರಾಬಾದಿನಲ್ಲಿ ಏನಿದೆ? ಮೊದಲು ಎರ್ರಗಡ್ಡದ ಹೆಸರನ್ನೇ ಹೇಳಬೇಕು. “ಎರ್ರಗಡ್ಡಕ್ಕೆ ಸೇರಿಸಬೇಕು” ಎಂಬುದು ಈ ನಗರದಲ್ಲಿ ಒಂದು ಬೈಗುಳವಾಗಿದೆ; ಕನ್ನಡಿಗರೂ ಅದನ್ನು ಬೇಗನೆ ಕಲಿತಿದ್ದೇವೆ. ನಿಜಾಮರ ಕಾಲದಲ್ಲಿ ಜಾಲನಾದ ಸೆರೆಮನೆಯಲ್ಲಿ ಆರಂಭವಾದ ಈ ಆಸ್ಪತ್ರೆ 1953ರಲ್ಲಿ ಎರ್ರಗಡ್ಡಕ್ಕೆ ಬಂತು. ಬೀದರ್, ಗುಲ್ಬರ್ಗಾ, ರಾಯಚೂರುಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ, ಅದು ಒಂದು ಕಾಲಕ್ಕೆ ನಮ್ಮ ಜಿಲ್ಲೆಗಳದೇ ಸರಕಾರಿ ಆಸ್ಪತ್ರೆಯಾಗಿತ್ತು! ಇಂದು ಅದು ಉಸ್ಮಾನಿಯಾ ವೈದ್ಯಕೀಯ ಕಾಲೇಜಿಗೆ ಸೇರಿದ ಮಾನಸಿಕ ಆರೋಗ್ಯ ಸಂಸ್ಥೆ. ಅಲ್ಲಿ ಹೊರರೋಗಿಗಳ ವಿಭಾಗವಿದೆ. ಹೋದವರನ್ನೆಲ್ಲ ಒಳಗೆ ಹಾಕಿ ಬೀಗ ಜಡಿಯುತ್ತಾರೆಂಬುದು ಬರಿಯ ಕಟ್ಟುಕಥೆ. ಮಲಕಪೇಟೆಯಲ್ಲಿ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಎರ್ರಗಡ್ಡದಲ್ಲಿ ಇಳಿಯಬಹುದು. ಅಷ್ಟು ದೂರ ಬೇಡವೆನ್ನುವವರಿಗೆ ಉಸ್ಮಾನಿಯಾ, ಗಾಂಧಿ ಆಸ್ಪತ್ರೆಗಳಲ್ಲಿಯೂ ಮನೋರೋಗ ವಿಭಾಗಗಳಿವೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಈ ನಗರದಲ್ಲಿಯೂ ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ.

ಇಷ್ಟಿದ್ದರೂ ಹೋಗುವವರು ಎಷ್ಟು ಜನ? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯಪಾನದಿಂದ ರೋಗಗ್ರಸ್ತರಾದವರಲ್ಲಿ ನೂರಕ್ಕೆ 86 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಖಿನ್ನತೆ, ಆತಂಕಗಳಂತಹ ಸಾಮಾನ್ಯ ಮನೋವ್ಯಾಧಿಗಳಲ್ಲಿ ಈ ಸಂಖ್ಯೆ 85. ಇದು ಹಳ್ಳಿಗಾಡಿನ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಸುಶಿಕ್ಷಿತ ಕುಟುಂಬಗಳೇ, ದಿನಪತ್ರಿಕೆಯ ಜಾಹೀರಾತನ್ನು ನಂಬಿ, ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಪುಡಿ ಬೆರೆಸಿ ಕೊಡುತ್ತವೆ. ಅಂತಹ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದು, ಆತ ಅದರ ಮೇಲೆ ಕುಡಿದರೆ ಹೃದಯಕ್ಕೇ ಆಘಾತವಾಗಬಹುದು. ರೋಗಿಗೆ ತಿಳಿಸಿ, ವೈದ್ಯರ ಕಣ್ಣೆದುರು ಕೊಡಬೇಕಾದ ಮದ್ದು ಅದು.

ಇನ್ನೊಂದು ಮಾತು. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಇಲ್ಲಿಯ ಕಟ್ಟಡಗಳಲ್ಲಿ ದುಡಿಯುವ ಕೂಲಿಕಾರರೂ ಕನ್ನಡಿಗರೇ. ನಮ್ಮ ರಾಜ್ಯೋತ್ಸವಕ್ಕೆ ಅವರು ಬರುವುದಿಲ್ಲ, ನಾವೂ ಕರೆಯುವುದಿಲ್ಲ. ಸಂಜೆ ಅವರು ಕುಡಿಯುವ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಆಲ್‌ಪ್ರಜೋಲಾಮ್ ಮುಂತಾದ ಮಂಪರಿನ ರಾಸಾಯನಿಕಗಳನ್ನು ಬೆರೆಸುವುದುಂಟು. 2025ರ ಜುಲೈನಲ್ಲಿ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿಯಿಂದ ಸಾವುಗಳೇ ಸಂಭವಿಸಿದವು. ಅಂತಹ ಸೇಂದಿಯನ್ನು ಥಟ್ಟನೆ ಬಿಟ್ಟರೂ ಸೆಳವು ಬರುತ್ತದೆ.

ಭಾಷೆಯ ತೊಡಕನ್ನು ನಾನು ಅಲ್ಲಗಳೆಯುವುದಿಲ್ಲ. ಕಾಲುನೋವನ್ನು ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಬಹುದು. ‘ಜೀವ ಬೇಸರವಾಗಿದೆ’ ಎಂಬುದನ್ನು ಹೇಗೆ ಹೇಳುವುದು? ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ ಸೇವೆಯಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅವುಗಳಲ್ಲೊಂದು. ಸಂಖ್ಯೆ 14416, ಹಗಲಿರುಳೂ ದೊರೆಯುವ ಉಚಿತ ಸೇವೆ. ಮಾದಕ ವ್ಯಸನಕ್ಕಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಆಸ್ಪತ್ರೆಗೆ ಹೋಗುವಾಗ ದುಭಾಷಿಯಾಗಿ ಜೊತೆಗೆ ಹೋಗಲು ಸಂಘದಲ್ಲಿ ನಿವೃತ್ತರಾದ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಆದರೆ ಇಲ್ಲಿಯೇ ತೊಡಕಿರುವುದು. ನಮ್ಮದು ಚಿಕ್ಕ ಸಮಾಜ. ಕಾಚಿಗುಡದಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಗೆ ಸಿಕಂದರಾಬಾದಿನಲ್ಲಿರುತ್ತದೆ. ಕನ್ನಡ ಬಲ್ಲ ವೈದ್ಯರನ್ನು ಬೇಕೆಂದೇ ಬಿಟ್ಟು, ಪರಿಚಯವಿಲ್ಲದ ತೆಲುಗು ವೈದ್ಯರ ಬಳಿಗೆ ಹೋದ ಕುಟುಂಬಗಳನ್ನು ನಾನು ಬಲ್ಲೆ. ಮಗಳ ಮದುವೆಯ ಮಾತುಕತೆ ನಡೆದಿರುವಾಗ ತಂದೆಯ ಆಸ್ಪತ್ರೆಯ ಚೀಟಿ ಯಾರ ಕಣ್ಣಿಗೂ ಬೀಳಬಾರದೆಂಬ ಅವರ ಭಯವನ್ನು ನಗೆಯಾಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ರೋಗಿಯ ಗುಟ್ಟನ್ನು ಕಾಪಾಡುವಂತೆ ಆಸ್ಪತ್ರೆಯನ್ನು ಕಟ್ಟಿಹಾಕಿದೆ. ಸಂಘದ ಸದಸ್ಯರ ನಾಲಿಗೆಯನ್ನು ಕಟ್ಟಿಹಾಕಲು ಯಾವ ಕಾಯಿದೆಯೂ ಇಲ್ಲ. ಜೊತೆಗೆ ಹೋಗುವವರನ್ನು ಆರಿಸುವಾಗ ಭಾಷೆಯ ಜ್ಞಾನಕ್ಕಿಂತ ಈ ಗುಣವನ್ನೇ ಮೊದಲು ನೋಡಬೇಕು.

ಹಣದ ವಿಷಯವನ್ನೂ ಹೇಳದಿದ್ದರೆ ನನ್ನ ವೃತ್ತಿಗೆ ಒಪ್ಪದು. ಅದೇ ಕಾಯಿದೆಯ 21ನೆಯ ಕಲಮಿನಂತೆ ಮನೋವ್ಯಾಧಿಗೂ ದೇಹದ ರೋಗಗಳಿಗೆ ಸಮನಾಗಿ ಆರೋಗ್ಯ ವಿಮೆ ದೊರೆಯಬೇಕು. ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಯನ್ನೂ ಕಾಯಿದೆ ಮನೋವ್ಯಾಧಿಯೆಂದೇ ಗಣಿಸಿದೆ. ಹಾಗಿದ್ದರೂ, ಹೈದರಾಬಾದಿನಲ್ಲಿಯೇ ಪ್ರಧಾನ ಕಚೇರಿಯುಳ್ಳ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ವಿನಾಯಿತಿಗಳ ಪಟ್ಟಿಯಲ್ಲಿ ವ್ಯಸನದ ಚಿಕಿತ್ಸೆಯೂ ಸೇರಿತು. ಕಂಪನಿಗಳು ಅದನ್ನು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಹೊರಗಿಡುತ್ತವೆ. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಮುಂಗಡ ಕಟ್ಟುವ ಮೊದಲು ಪಾಲಿಸಿಯನ್ನು ಓದಿ. ಆ ಕೇಂದ್ರಕ್ಕೆ ಸರಕಾರದ ನೋಂದಣಿ ಇದೆಯೇ, ಮನೋವೈದ್ಯರು ನಿಜವಾಗಿಯೂ ಬರುತ್ತಾರೆಯೇ, ಮನೆಯವರಿಗೆ ಭೇಟಿಯ ಅವಕಾಶ ಉಂಟೇ ಎಂದು ವಿಚಾರಿಸಿ.

“ಸಂಘವಿರುವುದು ನಾಡುನುಡಿಗಾಗಿ, ಕುಡುಕರ ಸೇವೆಗಲ್ಲ” ಎಂದು ಕಾರ್ಯಕಾರಿ ಸಮಿತಿಯಲ್ಲಿ ಕೆಲವರಾದರೂ ಹೇಳಬಹುದು. ಅವರಲ್ಲಿ ನನ್ನ ವಿನಂತಿ ಬಹಳ ಚಿಕ್ಕದು. ಸ್ಮರಣ ಸಂಚಿಕೆಯ ಕೊನೆಯ ಪುಟದಲ್ಲಿ ಪದಾಧಿಕಾರಿಗಳ ದೂರವಾಣಿ ಸಂಖ್ಯೆಗಳನ್ನು ಅಚ್ಚು ಹಾಕಿಸುತ್ತೇವಲ್ಲ, ಮುಂದಿನ ವರ್ಷದಿಂದ ಅವುಗಳ ಮೇಲ್ಗಡೆ 14416 ಎಂಬ ಸಂಖ್ಯೆಯನ್ನೂ, ಎರ್ರಗಡ್ಡದ ಹೊರರೋಗಿ ವಿಭಾಗದ ವೇಳೆಯನ್ನೂ, ಜೊತೆಗೆ ಬರಲು ಒಪ್ಪಿದ ಇಬ್ಬರು ಹಿರಿಯರ ಹೆಸರುಗಳನ್ನೂ ಹಾಕಿಸಿದರೆ ಸಾಕು. ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲಿ.