ಪ್ರಯೋಗಕ್ಕೆ ಮುಂಚೆ ಉಪಸಂಹಾರ

ಸೌಪ್ತಿಕಪರ್ವದ ಕಥೆಯನ್ನು ವಾಚಕರು ಬಲ್ಲರು. ಅಶ್ವತ್ಥಾಮನು ಒಂದು ಹುಲ್ಲುಕಡ್ಡಿಯನ್ನು ಅಭಿಮಂತ್ರಿಸಿ ಬ್ರಹ್ಮಶಿರವೆಂಬ ಅಸ್ತ್ರವನ್ನು ಬಿಟ್ಟನು, ಅರ್ಜುನನೂ ಬಿಟ್ಟನು. ವ್ಯಾಸನಾರದರು ನಡುವೆ ನಿಂತು, ಎರಡನ್ನೂ ಹಿಂದಕ್ಕೆ ತೆಗೆದುಕೊಳ್ಳಿರೆಂದಾಗ ಅರ್ಜುನನು ತೆಗೆದುಕೊಂಡನು, ಅಶ್ವತ್ಥಾಮನಿಂದ ಆಗಲಿಲ್ಲ. ಪ್ರಯೋಗವು ಅವನಿಗೆ ತಿಳಿದಿತ್ತೇ ಹೊರತು ಉಪಸಂಹಾರದ ಶಕ್ತಿಯಿರಲಿಲ್ಲ. ಮೂವತ್ತು ವರ್ಷಕಾಲ ಈ ಪ್ರಸಂಗವನ್ನು ಮಕ್ಕಳಿಗೆ ಪಾಠ ಹೇಳಿದ ನಾವು ಅದರ ಅರ್ಥವನ್ನು ಚೆನ್ನಾಗಿ ತಿಳಿದುಕೊಂಡುದು ಕಳೆದ ಆಷಾಢದಲ್ಲಿ, ನಮ್ಮ ಬಚ್ಚಲುಮನೆಯಲ್ಲಿ.

ಕೈಟಭೇಶ್ವರನ ಸನ್ನಿಧಿಯಿರುವ ಕುಬಟೂರಿನಲ್ಲಿ ನಮ್ಮ ಮನೆ. ಬಚ್ಚಲಿನ ನಲ್ಲಿಯು ಜ್ಯೇಷ್ಠಮಾಸದಿಂದಲೇ ತೊಟ್ಟಿಕ್ಕುತ್ತಿದ್ದಿತು. ಮನೆಯವರು ಎರಡು ಮೂರು ಸಲ ಹೇಳಿದರು, "ನೋಡೋಣ" ಎಂದೆವು. ನೋಡೋಣವೆಂಬುದು ಗೃಹಸ್ಥರ ಭಾಷೆಯಲ್ಲಿ ಇಲ್ಲವೆಂಬುದಕ್ಕೆ ಪರ್ಯಾಯಪದವೆಂದು ಗೃಹಿಣಿಯರಿಗೆ ಗೊತ್ತಿಲ್ಲದುದಲ್ಲ. ನಾವು ಮಾಡುತ್ತಿದ್ದ ಚಿಕಿತ್ಸೆಯೆಂದರೆ, ಸ್ನಾನವಾದ ಮೇಲೆ ನಲ್ಲಿಯನ್ನು ಹಿಂದಿನ ದಿನಕ್ಕಿಂತ ತುಸು ಬಲವಾಗಿ ಬಿಗಿಯುವುದು.

ಒಂದು ಮಧ್ಯಾಹ್ನ ಹೊತ್ತು ಹೋಗದೆ, ಲೀಟರಿನ ಪಾತ್ರೆಯೊಂದನ್ನು ನಲ್ಲಿಯ ಕೆಳಗಿಟ್ಟು ಗಡಿಯಾರವನ್ನು ನೋಡಿದೆವು. ಒಂದು ಗಂಟೆಗೆ ಪಾತ್ರೆ ತುಂಬಿತು. ಹಾಗಾದರೆ ದಿನಕ್ಕೆ 24 ಲೀಟರು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಜನಕ್ಕೆ ತಲೆಗೆ ದಿನವೊಂದಕ್ಕೆ 55 ಲೀಟರು ನೀರೆಂದು ಗೊತ್ತುಮಾಡಿದೆ. ಒಬ್ಬನ ಪಾಲಿನಲ್ಲಿ ಹತ್ತಿರಹತ್ತಿರ ಅರ್ಧವು ಬಚ್ಚಲುಗಂಡಿಗೆ ಹೋಗುತ್ತಿದೆಯೆಂದು ಮನೆಯವರಿಗೆ ಲೆಕ್ಕ ಒಪ್ಪಿಸಿದೆವು. "ಅಷ್ಟು ಹೋಗುವುದಿಲ್ಲ ಬಿಡಿ" ಎಂದರು. ಗುಣಾಕಾರದಲ್ಲಿ ನಮ್ಮನ್ನು ತಿದ್ದುವರಲ್ಲಾ ಎಂದು ಮನಸ್ಸಿನಲ್ಲಿಯೇ ನಕ್ಕೆವು.

ಆನವಟ್ಟಿಯಿಂದ ನಲ್ಲಿ ಕೆಲಸದವನನ್ನು ಕರೆಸಬಹುದಾಗಿತ್ತು. ಆದರೆ ನಮಗೆ ತಾಳಗುಂದದ ನೆನಪಾಯಿತು. ನೆರೆಯ ಶಿಕಾರಿಪುರ ತಾಲ್ಲೂಕಿನ ಆ ಊರಿನ ಕಂಬದ ಮೇಲೆ, ಕದಂಬ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ಸ್ಮಾರಕವಾಗಿ 5ನೆಯ ಶತಮಾನದ ಸಂಸ್ಕೃತಕಾವ್ಯವೊಂದಿದೆ. ಅದನ್ನು ರಚಿಸಿದ ಕುಬ್ಜಕವಿಯು, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಕಾವ್ಯ ಬಲ್ಲವನು ಕೈಕೆಲಸಕ್ಕೆ ನಾಚಲಿಲ್ಲ. ಒಂದು ನಲ್ಲಿಗೆ ನಾವೇಕೆ ನಾಚಬೇಕು? ಆದುದರಿಂದ ಒಂದು ಸ್ಪ್ಯಾನರನ್ನೂ ರಬ್ಬರಿನ ವಾಷರನ್ನೂ ತರಿಸಿದೆವು.

ತಿರುಗಿಸುವ ನಲ್ಲಿಯ ರಚನೆ ಸರಳವಾದುದು. ಒಳಗೆ ನೀರು ಮೇಲೇರುವ ದುಂಡನೆಯ ರಂಧ್ರವಿದೆ. ಹಿಡಿಯನ್ನು ತಿರುಗಿಸಿದರೆ ತಿರುಪಿನ ಕಡ್ಡಿಯು ಇಳಿದು, ತನ್ನ ತುದಿಯ ವಾಷರನ್ನು ಆ ರಂಧ್ರದ ಅಂಚಿನ ಮೇಲೆ ಅಮುಕುತ್ತದೆ. ಇಂಗ್ಲೆಂಡಿನ ರಾದರ್‌ಹ್ಯಾಂ ಎಂಬ ಊರಿನ ಹಿತ್ತಾಳೆ ಕಾರ್ಖಾನೆಯವರು 1845ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ತತ್ತ್ವವು ಇಂದಿಗೂ ಅದೇ. ವಾಷರು ಸವೆದರೆ ನೀರು ತೊಟ್ಟಿಕ್ಕುತ್ತದೆ. ತಲೆಯನ್ನು ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಹಾಕುವುದು, ಅಷ್ಟೆ.

ನಾವು ತಲೆಯನ್ನು ಬಿಚ್ಚಿದೆವು. ಮೇಲಿಂದ ಬರುವ ನೀರನ್ನು ಮೊದಲು ನಿಲ್ಲಿಸಬೇಕೆಂಬುದು ಹೊಳೆಯಲೇ ಇಲ್ಲ. ಕೊನೆಯ ಸುತ್ತು ಬಿಡುತ್ತಲೇ ನೀರು ಮುಖಕ್ಕೆ ಚಿಮ್ಮಿತು. ನಲ್ಲಿಯ ತಲೆಯು ಕೈತಪ್ಪಿ ಮೂಲೆಗೆ ಉರುಳಿತು. ಅಂಗೈಯನ್ನು ರಂಧ್ರದ ಮೇಲೆ ಒತ್ತಿ ಹಿಡಿದೆವು. ನೀರು 10 ಮೀಟರು ಎತ್ತರದಲ್ಲಿದ್ದರೆ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ. ನಮ್ಮ ಟ್ಯಾಂಕು ಇರುವುದು ಬಚ್ಚಲಿನ ತಾರಸಿಯ ಮೇಲೆ, 3 ಮೀಟರು ಎತ್ತರದಲ್ಲಿ. ಆದುದರಿಂದ ಅಂಗೈಯಿಂದ ತಡೆಯಬಹುದು. ಆದರೆ ತಡೆದವನು ಅಲ್ಲಿಂದ ಏಳುವಂತಿಲ್ಲ. ಕೈಯೆತ್ತಿದರೆ ಪ್ರವಾಹ, ಎತ್ತದಿದ್ದರೆ ನಲ್ಲಿಯ ತಲೆ ಎಟುಕದು. ದ್ರೋಣಪುತ್ರನ ಅವಸ್ಥೆ ಎಂದರೆ ಇದೇ. ನೀರನ್ನು ನಿಲ್ಲಿಸುವ ವಾಲ್ವು ಎಲ್ಲಿದೆಯೆಂದು, ಹನ್ನೆರಡು ವರ್ಷದಿಂದ ಆ ಮನೆಯಲ್ಲಿರುವ ನಮಗೆ ತಿಳಿಯದು. ಮನೆಯವರನ್ನು ಕೂಗಿದೆವು.

ಅವರು ಬಾಗಿಲಲ್ಲಿ ಇಣುಕಿ ನೋಡಿ, ಮಾತಾಡದೆ ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಂಗೈಯ ಕೆಳಗಿನ ಒತ್ತಡವು ಕುಗ್ಗಿ ನಿಂತುಹೋಯಿತು. ಹೊರಗೆ ಬಂದು ನೋಡಿದರೆ, ಸುರಿಯುವ ಮಳೆಯಲ್ಲಿ, ಎಂಟು ಮೆಟ್ಟಿಲಿನ ಏಣಿಯಿಂದ ಒಂದೊಂದೇ ಹೆಜ್ಜೆಯಿಟ್ಟು ಇಳಿಯುತ್ತಿದ್ದಾರೆ! ಎರಡು ಮೊಣಕಾಲೂ ನೋಯುವವರು.

"ವಾಲ್ವು ಅಲ್ಲಿರುವುದು ನಿನಗೆ ಹೇಗೆ ಗೊತ್ತು?" ಎಂದೆವು.

"ದಿನಾ ರಾತ್ರಿ ನೀವು ಮಲಗಿದ ಮೇಲೆ ತಿರುಗಿಸಿ ಬರುತ್ತೇನಲ್ಲ. ಬೆಳಗ್ಗೆ ಎದ್ದು ಬಿಡುತ್ತೇನೆ. ಅದಕ್ಕೇ ಹೇಳಿದ್ದು, ನೀವು ಅಂದಷ್ಟು ನೀರು ಹೋಗುವುದಿಲ್ಲ ಅಂತ."

ಸುಮಾರು ನಲವತ್ತು ರಾತ್ರಿಗಳು. ಕತ್ತಲೆಯಲ್ಲಿ, ಪಾಚಿಗಟ್ಟಿದ ಏಣಿಯ ಮೇಲೆ, ಒಂದು ಕೈಯಲ್ಲಿ ಟಾರ್ಚು. ಒಂದು ಸಲ ಕಾಲು ಜಾರಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ನಮ್ಮ ಲೇಖನಿ ಒಪ್ಪದು. ನಮ್ಮ ಲೆಕ್ಕದಲ್ಲಿ ಗುಣಾಕಾರ ಸರಿಯಾಗಿಯೇ ಇದ್ದಿತು. ಗುಣಿಸಿದ ಗಂಟೆಗಳು ತಪ್ಪಾಗಿದ್ದುವು. ಅವುಗಳಲ್ಲಿ ಮೂರನೆಯ ಒಂದು ಪಾಲನ್ನು ಮನೆಯವರು ಏಣಿ ಹತ್ತಿ ಉಳಿಸಿದ್ದರು.

ಆಮೇಲೆ ಹೊಸ ವಾಷರು ಹಾಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ನೀರು ಬಿಟ್ಟ ಮೇಲೂ ನಲ್ಲಿಯು ತೊಟ್ಟಿಕ್ಕಿತು. ಕಡೆಗೆ ಆನವಟ್ಟಿಯ ಹುಡುಗನೇ ಬಂದನು. "ವಾಷರು ಸರಿಯಾಗಿಯೇ ಹಾಕಿದ್ದೀರಿ ಮೇಷ್ಟ್ರೇ. ಅದು ಕೂರುವ ಅಂಚೇ ಸವೆದುಹೋಗಿದೆ. ಸವೆದ ವಾಷರಿಟ್ಟುಕೊಂಡು ಯಾರೋ ಗಟ್ಟಿಯಾಗಿ ತಿರುಗಿಸಿದ್ದಾರೆ" ಎಂದನು. ಆ ಯಾರೋ ಯಾರೆಂದು ನಾವು ಹೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಅವನಿಂದ ಹೊಸ ನಲ್ಲಿಯನ್ನು ಹಾಕಿಸಿ, ಜೊತೆಗೆ ಬಚ್ಚಲಿನ ಗೋಡೆಯಲ್ಲಿ ಕೈಗೆಟುಕುವ ಎತ್ತರಕ್ಕೆ ಇನ್ನೊಂದು ವಾಲ್ವನ್ನೂ ಕೂಡಿಸಿದೆವು.

ಇಷ್ಟರಿಂದ ನಾವು ಕಲಿತುದನ್ನು ವಾಚಕರಿಗೆ ಒಪ್ಪಿಸುತ್ತೇವೆ. ನಲ್ಲಿಯನ್ನು ಮುಟ್ಟುವ ಮುನ್ನ ವಾಲ್ವನ್ನು ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಡತಕ್ಕದ್ದು. ಸಣ್ಣ ಭಾಗಗಳು ಬಿದ್ದುಹೋಗದಂತೆ ಬಚ್ಚಲುಗಂಡಿಗೆ ಒಂದು ಬಟ್ಟೆಯನ್ನು ತುರುಕಿ, ಬಿಚ್ಚಿದುದನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ನಲ್ಲಿಯನ್ನೇ ಬದಲಿಸುವುದಾದರೆ ಅದರ ತಿರುಪಿಗೆ ಟೆಫ್ಲಾನ್ ಟೇಪನ್ನು, ತಿರುಪಿನ ತುದಿಯನ್ನು ನಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ತಿರುಗುವಂತೆ ಸುತ್ತಬೇಕು. ವಿರುದ್ಧವಾಗಿ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಸೋರುವ ನಲ್ಲಿಯನ್ನು ಬಲದಿಂದ ಬಿಗಿಯಲಾಗದು. ವಾಲ್ವನ್ನು ವರ್ಷಕ್ಕೆರಡು ಸಲವಾದರೂ ತಿರುಗಿಸಿ ನೋಡಬೇಕು. ಬಹುಕಾಲ ಮುಟ್ಟದಿದ್ದರೆ ಅದು ಕಚ್ಚಿಕೊಂಡುಬಿಡುತ್ತದೆ. ನಮ್ಮದು ಆ ದಿನ ಸಲೀಸಾಗಿ ತಿರುಗಿದುದಕ್ಕೆ ಕಾರಣವು ಆ ನಲವತ್ತು ರಾತ್ರಿಗಳ ಅಭ್ಯಾಸವೇ.

ಏಣಿಯನ್ನು ನಾವೇ ಹೊತ್ತು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದೇವೆ. ವಾಚಕ ಮಹಾಶಯರು ಈ ಪುಟವನ್ನು ಮುಗಿಸಿದೊಡನೆ ಎದ್ದು, ತಮ್ಮ ಮನೆಯ ವಾಲ್ವು ಎಲ್ಲಿದೆಯೆಂದು ನೋಡಿಬರಬೇಕೆಂದು ಪ್ರಾರ್ಥನೆ. ಸಿಕ್ಕದಿದ್ದರೆ ಮನೆಯವರನ್ನು ಕೇಳಬಹುದು. ಹಾಗೆ ಕೇಳುವಾಗ, ಅದು ಅವರಿಗೆ ಹೇಗೆ ತಿಳಿಯಿತೆಂಬುದನ್ನೂ ಕೇಳಿಕೊಳ್ಳುವುದು ಮೇಲು.